ಬದುವಿನ ಹೊಂಗೆ ಬಿಟ್ಟು ಜಟ್ರೋಫಾ ಹಚ್ಚಬ್ಯಾಡ್ರಿ

ಅಣ್ಣಾರ, ಎಲ್ಲಾರಿಗೂ ತಿಳೀಲಿ ಅಂತ ನಿಮ್ಮ ಪ್ರಶ್ನೆ ಒಂದ್ಸಲ ಹೇಳಿಬಿಡ್ತೀನಿ. ಶಿರಹಟ್ಟಿ ತಾಲೂಕಿನಾಗ ನಿಮ್ಮದು 5 ಎಕರೆ ಎರಿ, 3 ಎಕರೆ ಮಸಾರಿ ಮಡ್ಡಿ. ಬದುವಿನ ಮ್ಯಾಲ 14 ದೊಡ್ಡ ಹೊಂಗೆ ಗಿಡ ಅದಾವ, ಬೀಜ ಬಿದ್ದು ಹಾಳಾಗ್ತಾವ. ಮಡ್ಡಿಗೆ ಜಟ್ರೋಫಾ (ಡೀಸೆಲ್ ಮಾಡೋ ಎಣ್ಣಿಬೀಜದ ಗಿಡ) ಹಚ್ರಿ, ಬೀಜ ನಾವ ಕೊಳ್ತೀವಿ ಅಂತ ಸಸಿ ಮಾರಾವ್ರು ಬಂದಾರ. ಇನ್ನೊಬ್ರು ಗ್ಯಾಸ್ ಕಾರ್ಖಾನಿಗೆ ನೇಪಿಯರ್ ಹುಲ್ಲ ಬೆಳೀರಿ ಅಂದಾರ. ಹೊಂಗೆ ಎಣ್ಣಿಯಿಂದ ಮನ್ಯಾಗ ಡೀಸೆಲ್ ಮಾಡಿ 5 ಎಚ್‌ಪಿ ಪಂಪ್‌ಸೆಟ್ ನಡಸಬಹುದಾ ಅನ್ನೋದು ನಿಮ್ಮ ಮೂರನೇ ಪ್ರಶ್ನೆ.

ಜಟ್ರೋಫಾ ಬ್ಯಾಡ. 2003ರ ಸುಮಾರಿಗೆ ದೇಶದ ತುಂಬ ಇದರ ಹವಾ ಎದ್ದಿತ್ತು. ನೀರಿಲ್ಲದ ಬಂಜರಿನಾಗ ಈ ಗಿಡ ಬದುಕ್ತದ ಅನ್ನೋದು ಖರೆ, ಆದ್ರ ಬದುಕೋದು ಬ್ಯಾರೆ, ಕಾಯಿ ಬಿಡೋದು ಬ್ಯಾರೆ. ನೀರ, ಗೊಬ್ಬರ ಕೊಡದಿದ್ರ ಇಳುವರಿ ಹೇಳಿದ್ದಕ್ಕಿಂತ ಭಾಳ ಕಡಿಮಿ ಬಂತು. ಕಾಯಿ ಒಮ್ಮೆಗೆ ಹಣ್ಣಾಗಂಗಿಲ್ಲ, ನಾಲ್ಕೈದು ಸಲ ಕೈಯಿಂದನ ಬಿಡಿಸಬೇಕು, ಕೂಲಿ ಹೊಂದೂದಿಲ್ಲ. ಬೀಜ, ಹಿಂಡಿ ಎರಡೂ ವಿಷ. ಸಸಿ ಮಾರಿದವರು ಮೂರು ವರ್ಷದ ಮ್ಯಾಲ ಬೀಜ ಕೊಳ್ಳಾಕ ಬರ್ತಾರ ಅನ್ನೋದಕ್ಕ ಲಿಖಿತ ಕರಾರು, ದರ, ದಂಡ ಏನಾರ ಕೊಟ್ಟಾರಾ? ಕೊಟ್ಟಿಲ್ಲಂದ್ರ ಅವರ ವ್ಯಾಪಾರ ಸಸಿದು, ಬೀಜದ್ದಲ್ಲ.

ನೇಪಿಯರ್‌ಗೆ ವರ್ಷಪೂರ್ತಿ ನೀರ ಬೇಕು. ಹಸಿ ಹುಲ್ಲಿನ ತೂಕದಾಗ ಸುಮಾರು ಶೇ. 80 ನೀರ ಇರ್ತದ, ಅಂದ್ರ ಟ್ರ್ಯಾಕ್ಟರ್ ಬಾಡಿಗಿ ಕೊಟ್ಟು ನೀರ ಸಾಗಿಸಿದಂಗ. ಕಾರ್ಖಾನಿ 20-25 ಕಿ.ಮೀ. ಒಳಗ ಇಲ್ಲಂದ್ರ ಆ ಮಾತ ಬಿಡ್ರಿ. ಗ್ಯಾಸ್ ಬೇಕಂದ್ರ ಮನ್ಯಾಗ ನಾಲ್ಕೈದು ದನ ಇದ್ರ ಸಾಕು: ದಿನಕ್ಕ 50 ಕೆ.ಜಿ. ಸೆಗಣಿ, ಅಷ್ಟ ನೀರ ಹಾಕಿದ್ರ 2 ಘನ ಮೀಟರಿನ ದೀನಬಂಧು ಮಾದರಿ ಗೋಬರ್ ಗ್ಯಾಸ್ ನಡೀತದ, ಅಡಗಿ ಆಗ್ತದ, ಬಗ್ಗಡ ಹೊಲಕ್ಕ ಹೋಗ್ತದ.

ಎರಿ ಹೊಲದ ಮಾತು. ಗೋವಿನಜೋಳ ಈಗ ಪೆಟ್ರೋಲಿಗೆ ಬೆರೆಸೋ ಎಥನಾಲಿನ ದೊಡ್ಡ ಕಚ್ಚಾ ವಸ್ತು. 2023ರ ಡಿಸೆಂಬರಿನಾಗ ಕಬ್ಬಿನ ರಸದಿಂದ ಎಥನಾಲ್ ಮಾಡಾಕ ಕೇಂದ್ರ ತಡಿ ಹಾಕಿದ ಮ್ಯಾಲ ಕಾರ್ಖಾನಿಗೋಳು ಇದರ ಕಡೆ ತಿರುಗಿದ್ವು. 1 ಕ್ವಿಂಟಲ್‌ಗೆ ಸುಮಾರು 38 ಲೀಟರ್ ಎಥನಾಲ್ ಬರ್ತದ. ಆದ್ರ ಇಂಧನಕ್ಕ ಅಂತ ನಿಮಗ ಬ್ಯಾರೆ ದರ ಯಾರೂ ಕೊಡಂಗಿಲ್ಲ. ತೇವಾಂಶ ಶೇ. 14ರ ಮ್ಯಾಲ ಹೋದ್ರ ದರ ಕಡೀತಾರ, ಅಷ್ಟ. ಸಿಹಿ ಜೋಳ ಅನ್ನೋದೂ ಅದ, ಸಿ.ಎಸ್.ಎಚ್. 22 ಎಸ್.ಎಸ್. ಥರದ ತಳಿ, ದಂಟಿನಾಗ ಕಬ್ಬಿನಂಗ ರಸ ಇರ್ತದ. ಕೊಯ್ದ ದಂಟು ಒಂದು ದಿನದೊಳಗ ಅರೀಬೇಕು, ಇಲ್ಲಂದ್ರ ಸಕ್ಕರಿ ಇಳೀತದ. ಹತ್ರದಾಗ ಗಾಣ ಇಲ್ಲದ ಇದನ್ನ ಬಿತ್ತಬ್ಯಾಡ್ರಿ. ಹತ್ತಿ ಕಟಗಿ ಬ್ರಿಕೆಟ್ (ಒತ್ತಿ ಮಾಡಿದ ಉರುವಲ ಗಟ್ಟಿ) ಮಾಡಾವ್ರಿಗೆ ಕೊಡ್ರಿ, ಹೊಲದಾಗ ನಿಲ್ಲಿಸಿದ್ರ ಗುಲಾಬಿ ಕಾಯಿಕೊರಕ ಹುಳ ಮುಂದಿನ ಹಂಗಾಮಿಗೆ ಅಲ್ಲೇ ಕುಂತಿರ್ತದ.

ಈಗ ಹೊಂಗೆ. ನಿಮ್ಮ ಹತ್ರ ಇರೋ ಖರೇ ಆಸ್ತಿ ಇದು, ಹಿರಿಯರು ಹುಲಗಲ ಅಂತಿದ್ದ ಗಿಡ. ಬದುವಿನ ನಡುವಯಸ್ಸಿನ ಗಿಡಕ್ಕ ಸರಾಸರಿ 14-15 ಕೆ.ಜಿ. ಸುಲಿದ ಬೀಜ ಹಿಡಿದ್ರ 14 ಗಿಡಕ್ಕ 200 ಕೆ.ಜಿ. ಬೀಜದಾಗ ಶೇ. 30ರ ಮ್ಯಾಲ ಎಣ್ಣಿ ಇದ್ರೂ ಊರ ಗಾಣದಾಗ ಶೇ. 25ರಷ್ಟ ಕೈಗೆ ಬರ್ತದ: 50 ಕೆ.ಜಿ., ಅಂದ್ರ ಸುಮಾರು 54 ಲೀಟರ್. ಪಂಪ್‌ಸೆಟ್ ತಾಸಿಗೆ ಒಂದು ಲೀಟರ್ ಚಿಲ್ಲರ ಕುಡೀತದ, ಹಂಗಂದ್ರ 50 ತಾಸಿನ ಎಣ್ಣಿ. 140 ಕೆ.ಜಿ. ಹಿಂಡಿನೂ ಉಳೀತದ. ಅದರಾಗ ಸಾರಜನಕ ಶೇ. 4ರಷ್ಟ ಇರ್ತದ, 12 ಕೆ.ಜಿ. ಯೂರಿಯಾಕ್ಕ ಸಮ. ಹಿಂಡಿ ಲೆಕ್ಕಕ್ಕ ಹಿಡೀದ ಎಣ್ಣಿ ಲೆಕ್ಕ ಮಾಡಬ್ಯಾಡ್ರಿ, ನಷ್ಟನ ಕಾಣ್ತದ. ದನಕ್ಕ ಮಾತ್ರ ಹಾಕಬ್ಯಾಡ್ರಿ.

ಎಣ್ಣಿ ಕೆಡೋದು ಗಾಣದಾಗ ಅಲ್ರಿ, ಅಂಗಳದಾಗ. ಕಾಯಿ ಕಂದು ಬಣ್ಣಕ್ಕ ತಿರುಗಿದ ಮ್ಯಾಲ ಗಿಡದಿಂದನ ಬಡಿದು ಕೆಳಗ ತಾಡಪತ್ರಿ ಹಾಸಿ ಆರಿಸ್ರಿ. ಮಳಿಗೆ ನೆಂದು ನೆಲದಾಗ ಬಿದ್ದದ್ದನ್ನ ಬ್ಯಾರೆ ಚೀಲಕ್ಕ ಹಾಕ್ರಿ. ಮೂರು ದಿನ ಬಿಸಿಲಿಗೆ ಒಣಗಿಸಿ, ಬಡಿಗಿಯಿಂದ ಬಡಿದು ಸುಲೀರಿ, ಬೀಜ ಮತ್ತ ಎರಡು ದಿನ ಒಣಗಿಸ್ರಿ. ಹಲ್ಲಿನಾಗ ಕಚ್ಚಿದ್ರ ಟಕ್ ಅಂತ ಮುರೀಬೇಕು. ಮೆತ್ತಗ ಚಪ್ಪಟಿ ಆದ್ರ ತೇವ ಅದ ಅಂತ ತಿಳ್ಕೊಳ್ರಿ, ಕಚ್ಚಿದ ಮ್ಯಾಲ ಉಗುಳ್ರಿ. ಗೋಣಿಚೀಲದಾಗ, ಹಲಗಿ ಮ್ಯಾಲ ಇಡ್ರಿ. ಪ್ಲಾಸ್ಟಿಕ್ ಚೀಲದಾಗ ಬೀಜ ಬೆವರ್ತದ, ಒಳಗ ಬಿಸಿ ಏರ್ತದ, ಎಣ್ಣಿ ಒಡೆದು ಆಮ್ಲ ಆಗ್ತದ. ಆಮ್ಲ ಏರಿದ ಎಣ್ಣಿಗೆ ಮುಂದ ಯಾವ ಮದ್ದೂ ಸುಲಭ ಇಲ್ಲ.

ಆ ಆಮ್ಲ ಎಷ್ಟದ ಅಂತ ಅಳೀದ ಬಯೋಡೀಸೆಲ್, ಅಂದ್ರ ಎಣ್ಣಿಯಿಂದ ಡೀಸೆಲ್ ಮಾಡೋ ಕೆಲಸಕ್ಕ ಕೈ ಹಾಕಬ್ಯಾಡ್ರಿ. ಹತ್ರದ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಾಗ ಹತ್ತು ನಿಮಿಷದ ಕೆಲಸ. 1 ಲೀಟರ್ ಬಟ್ಟಿ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸ್ರಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಎರಡು ಹನಿ ಫಿನಾಫ್ತಲೀನ್ (ಬಣ್ಣ ಬದಲಿಸಿ ತೋರಿಸೋ ದ್ರಾವಣ) ಹಾಕಿ, ಈ ಸೋಡಾ ನೀರ ಹನಿ ಹನಿ ಬಿಟ್ಟು ಮೊದಲ ಅದನ್ನ ಮಸುಕು ಗುಲಾಬಿ ಮಾಡ್ಕೊಳ್ರಿ. ಅದಕ್ಕ 1 ಮಿ.ಲೀ. ಎಣ್ಣಿ ಹಾಕಿದ ಕೂಡ್ಲೇ ಬಣ್ಣ ಹೋಗ್ತದ. ಈಗ ಸಿರಿಂಜಿನಿಂದ ಸೋಡಾ ನೀರ ಬಿಡ್ತಾ ಅಲುಗಾಡಿಸ್ರಿ. ಗುಲಾಬಿ ಬಣ್ಣ ಬರ್ತದ, ಹೋಗ್ತದ, ಮತ್ತ ಬರ್ತದ. 15 ಸೆಕೆಂಡ್ ನಿಂತಾಗ ಸಿರಿಂಜ್ ನೋಡಿ ಎಷ್ಟ ಮಿ.ಲೀ. ಹೋತು ಬರ್ಕೊಳ್ರಿ. ಒಂದೊಂದು ಮಿ.ಲೀ. ಅಂದ್ರ ಶೇಕಡಾ ಮುಕ್ಕಾಲರಷ್ಟ ಆಮ್ಲ.

3 ಮಿ.ಲೀ. ಒಳಗ ಬಂದ್ರ ನೇರವಾಗಿ ಮಾಡಬಹುದು. ಎಣ್ಣಿ ಸೋಸಿ, 110 ಡಿಗ್ರಿಗೆ ಕಾಸಿ ನೀರಿನಂಶ ತೆಗೀರಿ, ಚಟಪಟ ಸಪ್ಪಳ ನಿಲ್ಲಬೇಕು. 60 ಡಿಗ್ರಿಗೆ ಇಳಿಸ್ರಿ. ಲೀಟರ್ ಎಣ್ಣಿಗೆ 220 ಮಿ.ಲೀ. ಮೆಥನಾಲ್ (ಒಂದು ಥರದ ವಿಷದ ಆಲ್ಕೋಹಾಲ್), 3.5 ಗ್ರಾಂ ಕಾಸ್ಟಿಕ್ ಸೋಡಾ, ಅದರ ಮ್ಯಾಲ ಸಿರಿಂಜಿನ ಲೆಕ್ಕ ಎಷ್ಟೋ ಅಷ್ಟ ಗ್ರಾಂ. 2 ಮಿ.ಲೀ. ಹೋಗಿದ್ರ ಒಟ್ಟು 5.5 ಗ್ರಾಂ. ಸೋಡಾವನ್ನ ಮೆಥನಾಲಿನಾಗ ಪೂರಾ ಕರಗಿಸಿ ಎಣ್ಣಿಗೆ ಹಾಕಿ, 60 ಡಿಗ್ರಿ ಇಟ್ಟು ಒಂದು ತಾಸು ತಿರುವಬೇಕು. 65 ದಾಟಿದ್ರ ಮೆಥನಾಲ್ ಕುದ್ದು ಹೋಗ್ತದ. ರಾತ್ರಿ ಬಿಟ್ರ ಕೆಳಗ ಕಂದು ಗ್ಲಿಸರಿನ್, ಮ್ಯಾಲ ಬಯೋಡೀಸೆಲ್ ನಿಲ್ತದ. ಗ್ಲಿಸರಿನ್ ತೆಗೆದು, ಬೆಚ್ಚನ ನೀರಿನಿಂದ ಮೂರ್ನಾಲ್ಕು ಸಲ ಮೆಲ್ಲಕ ತೊಳೀರಿ, ಕಡೀಕ ಮತ್ತ ಕಾಸಿ ನೀರ ಹಾರಿಸ್ರಿ. ಅಲ್ಯೂಮಿನಿಯಂ ಪಾತ್ರಿ ಬ್ಯಾಡ, ಕಾಸ್ಟಿಕ್ ಅದನ್ನ ತಿಂತದ.

ಲೆಕ್ಕ 3 ದಾಟಿತಂದ್ರ ಸೋಡಾ ಆ ಆಮ್ಲ ಹಿಡ್ಕೊಂಡು ಸಾಬೂನು ಆಗ್ತದ. ಬೆಳಿಗ್ಗೆ ನೋಡಿದ್ರ ಪದರ ಬ್ಯಾರೆ ಆಗಿರಂಗಿಲ್ಲ, ಪಾತ್ರಿ ತುಂಬ ಅಂಬಲಿ ಇರ್ತದ. ಹೊಂಗೆ ಎಣ್ಣಿಯಾಗ ಇದು ಭಾಳ ಸಾಮಾನ್ಯ. ಅಂಥಾ ಎಣ್ಣಿಗೆ ಮೊದಲ ಗಂಧಕಾಮ್ಲ, ಮೆಥನಾಲ್ ಹಾಕಿ ಆಮ್ಲ ಇಳಿಸೋ ಹಂತ ಬೇಕು. ಅದು ಬಯೋಡೀಸೆಲ್ ಘಟಕದ ಕೆಲಸ, ಮನೀದಲ್ಲ. ಹುಬ್ಬಳ್ಳಿಯ ಮಿರ್ಚಿ ಭಜಿ ಅಂಗಡಿಗಳ ಕರಿದ ಎಣ್ಣಿಗೂ ಇದ ಪರೀಕ್ಷೆ ಸಲ್ತದ.

ಮೆಥನಾಲ್ ವಿಷ. ಅದರ ಆವಿ ಎಳ್ಕೊಂಡ್ರ, ಮೈಗೆ ಇಂಗಿದ್ರ ಕಣ್ಣ ಹೋಗ್ತಾವ, ಜೀವನೂ ಹೋಗ್ತದ. ಹಗಲಿನಾಗ ಅದರ ಉರಿ ಕಾಣಂಗಿಲ್ಲ. ಖರೀದಿ, ಸಂಗ್ರಹಕ್ಕ ಪರವಾನಗಿ ನಿಯಮ ಅದಾವ, ಮೊದಲ ವಿಚಾರಿಸ್ರಿ. ಮಕ್ಕಳಿರೋ ಮನೀ ಅಡಗಿ ಮನ್ಯಾಗ ಇದನ್ನ ಮಾಡಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ.

54 ಲೀಟರಿಗೆ ಇಷ್ಟೆಲ್ಲಾ ಹೊಂದೂದಿಲ್ಲ. ನಿಮ್ಮ ಪಂಪ್‌ಸೆಟ್ ಹಳೇ ನಿಧಾನ ಓಟದ ಒಂದ ಸಿಲಿಂಡರಿನದಾದ್ರ, ಸೋಸಿದ ಹೊಂಗೆ ಎಣ್ಣಿ ಡೀಸೆಲ್ಲಿಗೆ ಶೇ. 10-20 ಬೆರೆಸಿ ನಡಸ್ರಿ. ಹಿಂದ ದಾಂಡೇಲಿ ಫೆರೋ ಅಲಾಯ್ಸ್ ಕಾರ್ಖಾನಿ ತನ್ನ ಜನರೇಟರ್‌ಗಳನ್ನ ಹೊಂಗೆ ಎಣ್ಣಿ ಮ್ಯಾಲ ನಡಸಿತ್ತು, ಎಂಜಿನ್ ಒಪ್ಪಂಗಿಲ್ಲ ಅಂತ ಅಲ್ಲ. ಆದ್ರ ಹಸಿ ಎಣ್ಣಿ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ಅದಕ್ಕ ಶುರು ಮಾಡೂದು, ನಿಲ್ಲಿಸೂದು ಬರೀ ಡೀಸೆಲ್ ಮ್ಯಾಲ ಮಾಡ್ರಿ. ನಿಲ್ಲಿಸೋ ಮುಂಚೆ ಐದು ನಿಮಿಷ ಡೀಸೆಲ್ ಓಡಿಸ್ರಿ, ಇಲ್ಲಂದ್ರ ನಾಝಲ್ ತುದಿಗೆ ಇಂಗಾಲ ಕಟ್ತದ. ಎಂಜಿನ್ ಆಯಿಲ್ ಅರ್ಧ ಅವಧಿಗೆ ಬದಲಿಸ್ರಿ. ಹೊಸ ಟ್ರ್ಯಾಕ್ಟರಿಗೆ ಒಂದ ಹನಿನೂ ಬ್ಯಾಡ.

ಮಡ್ಡಿಯ ಮೂರು ಎಕರೆಗೆ ಹೊಸ ಗಿಡ ಹಚ್ಚೋ ಮನಸಿದ್ರ ಬದುವಿಗೆ ಇನ್ನಷ್ಟು ಹೊಂಗೆ ಹಚ್ರಿ, ಕಾಯಿ ಬಿಡಾಕ ಐದಾರು ವರ್ಷ ಬೇಕು ಅನ್ನೋದು ನೆನಪಿರ್ಲಿ. ಸುತ್ತಲಿನ ಹತ್ತು ಮಂದಿ ಬೀಜ ಕೂಡಿಸಿದ್ರ ಗಾಣದ ಬಾಡಿಗಿ ಹೊಂದ್ತದ, ಹೆಚ್ಚಾದ ಎಣ್ಣಿ ಮಾರಬಹುದು. ಎಣ್ಣಿ ತೆಗೆಸಿದ ದಿನ ಸಿರಿಂಜಿನ ಲೆಕ್ಕ ಎಷ್ಟ ಬಂತು, ಬೀಜ ಎಷ್ಟ ತಿಂಗಳ ಇಟ್ಟಿದ್ರಿ ಅಂತ ಇಲ್ಲೇ ಹಾಕ್ರಿ, ಮುಂದಿನ ಮಾತು ಆ ಲೆಕ್ಕ ನೋಡಿ ಆಡೋಣು.