ಬೀಜಿಂಗ್ ಅರಮನೆಯಲ್ಲಿ ಮನೆಯವರ ಚಿತ್ರ

ಪ್ರಶ್ನೆ: ನವೆಂಬರ್ ಎರಡನೇ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ನಮ್ಮ ತಾಯಿಯವರು ಬೀಜಿಂಗ್‌ಗೆ ಹೋಗುತ್ತಿದ್ದೇವೆ. ನಿಷೇಧಿತ ನಗರವೆಂದು ಕರೆಯುವ ಅಲ್ಲಿಯ ಹಳೆಯ ಅರಮನೆಯಲ್ಲಿ ಇಡೀ ಒಂದು ದಿನ ಕಳೆಯುವ ಆಸೆಯಿದೆ. ಹಿಂದೆ ಹೋಗಿಬಂದ ಬಂಧುಗಳ ಚಿತ್ರಗಳಲ್ಲಿ ಕಟ್ಟಡ ಚೆನ್ನಾಗಿ ಬಂದಿದ್ದರೆ ಮುಖ ಕಪ್ಪಾಗಿದೆ, ಮುಖ ಚೆನ್ನಾಗಿದ್ದರೆ ಹೆಂಚೂ ಆಕಾಶವೂ ಬಿಳಚಿಕೊಂಡಿವೆ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ನನ್ನ ಬಳಿ 24–70 ಮಿ.ಮೀ. ಲೆನ್ಸ್ ಇರುವ ಕ್ಯಾಮೆರಾ ಇದೆ, ಪತ್ನಿಯ ಬಳಿ ಫೋನ್ ಇದೆ. ಕಟ್ಟಡ ಮತ್ತು ಮನೆಯವರು ಇಬ್ಬರೂ ಚೆನ್ನಾಗಿ ಬರುವಂತೆ ಚಿತ್ರ ತೆಗೆಯುವುದು ಹೇಗೆ? ಅಮ್ಮ ಮೈಸೂರು ರೇಷ್ಮೆ ಸೀರೆ ಉಡಬೇಕೆಂದಿದ್ದಾರೆ; ಯಾವ ಬಣ್ಣದ್ದು ಒಪ್ಪುತ್ತದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಬಂಧುಗಳ ಚಿತ್ರಗಳು ಹಾಗೆ ಬಂದದ್ದಕ್ಕೆ ಕ್ಯಾಮೆರಾ ಕಾರಣವಲ್ಲ, ಅವರು ನಿಂತ ಜಾಗ ಕಾರಣ. 1406ರಿಂದ 1420ರವರೆಗೆ ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ ಕಟ್ಟಿಸಿದ ಈ ಅರಮನೆಯ ಮುಖ್ಯ ಸಭಾಂಗಣಗಳೆಲ್ಲವೂ ದಕ್ಷಿಣಕ್ಕೆ ಮುಖ ಮಾಡಿವೆ, ಪ್ರವಾಸಿಗರು ಒಳಗೆ ಬರುವುದೂ ದಕ್ಷಿಣದ ವೂಮೆನ್ ದ್ವಾರದಿಂದಲೇ. ಹೀಗಾಗಿ ಸಭಾಂಗಣವನ್ನು ಬೆನ್ನಿಗಿಟ್ಟುಕೊಂಡು ಕ್ಯಾಮೆರಾದತ್ತ ನೋಡುವವರು ತಪ್ಪದೆ ಸೂರ್ಯನತ್ತಲೇ ನೋಡುತ್ತಾರೆ. ಹೊರ ಅಂಗಳಗಳಲ್ಲಿ ನೆರಳು ಕೊಡುವ ಒಂದು ಮರವೂ ಇಲ್ಲ. ನೆಲದ ಕಲ್ಲಿನಿಂದ ಮೇಲಕ್ಕೆ ಪುಟಿಯುವ ಬೆಳಕು ಬೇರೆ. ಆದ್ದರಿಂದ ನನ್ನ ಸಲಹೆ ಇಷ್ಟು: ದೊಡ್ಡ ಸಭಾಂಗಣಗಳನ್ನು ಬಿಸಿಲಿನಲ್ಲಿ ಅವುಗಳ ಪಾಡಿಗೆ ತೆಗೆಯಿರಿ, ಮನೆಯವರ ಮುಖಗಳನ್ನು ನೆರಳಿನಲ್ಲಿ, ಕಟ್ಟಡದ ಒಂದು ಅಂಶವನ್ನು ಮಾತ್ರ ಜೊತೆಗಿಟ್ಟುಕೊಂಡು ತೆಗೆಯಿರಿ. ಎರಡನ್ನೂ ಒಂದೇ ಚೌಕಟ್ಟಿಗೆ ತುಂಬಲು ಹೋದಾಗಲೇ ಎರಡೂ ಕೆಡುತ್ತವೆ.

ಕಟ್ಟಡಗಳ ಮಟ್ಟಿಗೆ ನೀವು ಆರಿಸಿದ ತಿಂಗಳು ಬಹಳ ಒಳ್ಳೆಯದು. ಬೇಸಿಗೆಯ ನಡುಹಗಲು ಬೀಜಿಂಗ್‌ನಲ್ಲಿ ಸೂರ್ಯ ಸುಮಾರು 73 ಡಿಗ್ರಿ ಎತ್ತರಕ್ಕೆ ಏರುವುದರಿಂದ ಮುಂದಕ್ಕೆ ಚಾಚಿದ ಸೂರುಗಳ ಕೆಳಗಿನ ಭಾಗವೆಲ್ಲ ಕತ್ತಲಾಗಿ, ಸೂರನ್ನು ಹೊರಲು ಅಲ್ಲಿ ಹೆಣೆದಿರುವ ಮರದ ಬೋದಿಗೆಗಳೂ ಅವುಗಳ ಮೇಲಿನ ಹಸಿರು–ನೀಲಿ ಚಿತ್ತಾರವೂ ಕಾಣದೆ ಹೋಗುತ್ತವೆ. ನವೆಂಬರ್ ನಡುವಿನಲ್ಲಿ ಅದೇ ಹೊತ್ತಿನ ಸೂರ್ಯನ ಎತ್ತರ ಸುಮಾರು 32 ಡಿಗ್ರಿ ಮಾತ್ರ. ಆ ಓರೆ ಬಿಸಿಲು ಸೂರಿನ ಒಳಕ್ಕೆ ನುಗ್ಗಿ ಒಂದೊಂದು ಬೋದಿಗೆಯನ್ನೂ ಬಿಡಿಸಿ ತೋರಿಸುತ್ತದೆ. ತೈಹೆದಿಯನ್ ಎಂಬ ಪ್ರಧಾನ ಸಭಾಂಗಣಕ್ಕೆ ಬೆಳಿಗ್ಗೆ ಬೇಗ ಹೋದರೆ ಬಿಸಿಲು ನಿಮ್ಮ ಬಲಗಡೆಯಿಂದ, ಆಗ್ನೇಯದಿಂದ ಬೀಳುತ್ತಿರುತ್ತದೆ. ಮೂರು ಹಂತದ ಅಮೃತಶಿಲೆಯ ಜಗಲಿಯ ಕೆತ್ತನೆಗಳಿಗೆ ಆಗ ಬರುವ ಆಳ ಮಧ್ಯಾಹ್ನ ಬರುವುದಿಲ್ಲ. ಅಲ್ಲಿರುವಾಗ ಚಾವಣಿಯ ಮೂಲೆಯ ಏಣನ್ನೂ ಗಮನಿಸಿ. ಮುಂಗಡೆ ಹಕ್ಕಿಯೇರಿ ಕುಳಿತ ಒಂದು ಆಕೃತಿ, ಅದರ ಹಿಂದೆ ಸಾಲಾಗಿ 10 ಪ್ರಾಣಿಗಳು. ಹತ್ತೂ ಪ್ರಾಣಿಗಳಿರುವುದು ಈ ಒಂದು ಕಟ್ಟಡಕ್ಕೆ ಮಾತ್ರ. ನಿಮ್ಮ ಲೆನ್ಸನ್ನು 70ಕ್ಕೆ ತಿರುಗಿಸಿ, ನೀಲಿ ಆಕಾಶದ ಮುಂದೆ ಆ ಸಾಲನ್ನಷ್ಟೇ ತೆಗೆಯಿರಿ. ಹಳದಿ ಹೆಂಚಿಗೆ ಗಾಜಿನಂಥ ಹೊಳಪಿರುವುದರಿಂದ ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ; ಅದು ಇಮ್ಮಡಿಯಾದರೆ ಅಥವಾ ಅರ್ಧವಾದರೆ ಒಂದು ಸ್ಟಾಪ್) ಅರ್ಧ ಸ್ಟಾಪ್ ಇಳಿಸಿದರೆ ಅದರ ಬಣ್ಣ ಉಳಿಯುತ್ತದೆ.

ಎತ್ತರದ ಕಟ್ಟಡ ಪೂರ್ತಿ ಬರಲೆಂದು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಂಬಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಸಾಧ್ಯವಾದಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿಬಿಡಿ. ಅಂಗಳಗಳು ವಿಶಾಲವಾಗಿರುವುದರಿಂದ ಇದಕ್ಕೆ ತೊಂದರೆಯಿಲ್ಲ. ಮನೆಗೆ ಬಂದ ಮೇಲೆ ತಂತ್ರಾಂಶದಲ್ಲಿ ಗೆರೆಗಳನ್ನು ನೇರ ಮಾಡುವಾಗ ಒಂದು ಎಚ್ಚರ ಇರಲಿ. ಅರಮನೆಯ ಹೊರಗೋಡೆ ಬುಡದಲ್ಲಿ 8.62 ಮೀಟರ್, ತುದಿಯಲ್ಲಿ 6.66 ಮೀಟರ್ ದಪ್ಪವಿದೆ, ಅಂದರೆ ಅದರ ಇಳಿಜಾರು ಕಟ್ಟಿದವರು ಬೇಕೆಂದೇ ಇಟ್ಟದ್ದು. ಅದನ್ನು ಕಂಪ್ಯೂಟರ್‌ನಲ್ಲಿ ತಿದ್ದಿ ನೆಟ್ಟಗೆ ನಿಲ್ಲಿಸಿದರೆ ಕೋಟೆಯ ಗಾಂಭೀರ್ಯವೇ ಹೋಗಿಬಿಡುತ್ತದೆ, ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಭಾವಚಿತ್ರ. ಒಳ ಅರಮನೆಯ ಪೂರ್ವ ಮತ್ತು ಪಶ್ಚಿಮದ ವಾಸದ ಭಾಗಗಳಲ್ಲಿ ಎತ್ತರದ ಕೆಂಪು ಗೋಡೆಗಳ ನಡುವೆ ಉತ್ತರ–ದಕ್ಷಿಣವಾಗಿ ಹೋಗುವ ಉದ್ದನೆಯ ಓಣಿಗಳಿವೆ. ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ಅಲ್ಲಿ ಒಂದು ಗೋಡೆ ನೆರಳಿನಲ್ಲಿರುತ್ತದೆ. ತಾಯಿಯವರನ್ನು ಆ ನೆರಳಿನ ಕಡೆ ನಿಲ್ಲಿಸಿ, ಆದರೆ ಗೋಡೆಗೆ ಒರಗಿಸಬೇಡಿ. ಎದುರಿನ ಬಿಸಿಲು ಗೋಡೆಗೂ ತೀರ ಹತ್ತಿರ ಬೇಡ. ಕೆಂಪು ಗೋಡೆಯಿಂದ ಚಿಮ್ಮುವ ಬೆಳಕು ಕೆನ್ನೆ ಮತ್ತು ಗದ್ದದ ಅಡಿಗೆ ಕೆಂಪು ಬಳಿಯುತ್ತದೆ, ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಕ್ಯಾಮೆರಾದ ತಾನೇತಾನಾದ ವೈಟ್ ಬ್ಯಾಲೆನ್ಸ್ ಅದನ್ನು ಸರಿಪಡಿಸಲು ಹೋಗಿ ಇಡೀ ಚಿತ್ರಕ್ಕೆ ನೀಲಿ ಹೊದಿಸುತ್ತದೆ. ಗೋಡೆಯಿಂದ ನಾಲ್ಕು ಹೆಜ್ಜೆ ಈಚೆಗೆ ನಿಲ್ಲಿಸಿ, ಮುಖವನ್ನು ಓಣಿಯ ತೆರೆದ ತುದಿಯತ್ತ ಸ್ವಲ್ಪ ತಿರುಗಿಸಲು ಹೇಳಿ. ಆಕಾಶದಿಂದ ಬರುವ ಮೆದುವಾದ ಬೆಳಕು ಮುಖದ ಮೇಲೆ ಬೀಳುತ್ತದೆ, ಕಣ್ಣು ತಾನಾಗಿ ಅರಳುತ್ತದೆ. ಲೆನ್ಸ್ 60–70ರಲ್ಲಿರಲಿ, ವೈಟ್ ಬ್ಯಾಲೆನ್ಸನ್ನು ‘ನೆರಳು’ ಎಂಬಲ್ಲಿಗೆ ಇಟ್ಟು ಬದಲಿಸದಿರಿ. ಹಿಂದೆ ಬಿಸಿಲು ಬಿದ್ದ ಅಂಗಳ ಅಥವಾ ಬಿಳಿ ಕಟಾಂಜನವಿದ್ದರೆ ನಮ್ಮ ಮೈಬಣ್ಣ ಇರುವುದಕ್ಕಿಂತ ಕಪ್ಪಾಗಿ ಬರುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸಿ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಮೇಲಕ್ಕೆ ಜಾರಿಸಿದರೆ ಸಾಕು. ಅದರ ಅತಿ ಅಗಲದ ಲೆನ್ಸಿನಲ್ಲಿ ಮನುಷ್ಯರನ್ನು ತೆಗೆಯಬೇಡಿ, ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ.

ಈ ಓಣಿಗಳ ಬಳಿಯಲ್ಲೇ ಯಾನ್‌ಶಿಗೊಂಗ್ ಎಂಬ ಅಂಗಳದಲ್ಲಿ, 1909ರಲ್ಲಿ ಆರಂಭಿಸಿ ಪೂರ್ತಿಗೊಳಿಸದೆ ಬಿಟ್ಟ ಕಲ್ಲು ಮತ್ತು ಕಬ್ಬಿಣದ ಪಾಶ್ಚಾತ್ಯ ಮಾದರಿಯ ಕಟ್ಟಡವೊಂದಿದೆ. ಕೆಂಪು–ಹಳದಿಯಿಂದ ದಣಿದ ಕಣ್ಣಿಗೆ ಅದರ ಬೂದು ಕಲ್ಲು ಒಳ್ಳೆಯ ಹಿನ್ನೆಲೆ.

ಸೀರೆಯ ಬಣ್ಣ ಕೇಳಿದ್ದೀರಿ. ಕುಂಕುಮ ಅಥವಾ ಮೆರೂನ್ ಸೀರೆ ಆ ಗೋಡೆಯಲ್ಲಿ ಕರಗಿಹೋಗುತ್ತದೆ. ಎಲೆಹಸಿರು ಅಥವಾ ನವಿಲುನೀಲಿ ಉಟ್ಟರೆ ಸೂರಿನ ಚಿತ್ತಾರದ ಬಣ್ಣವೇ ಸೀರೆಗೆ ಇಳಿದಂತೆ ಕಾಣುತ್ತದೆ, ಜರಿಯಂಚು ಹೆಂಚಿನ ಹಳದಿಗೆ ಹೊಂದುತ್ತದೆ. ಆ ತಿಂಗಳಲ್ಲಿ ಅಲ್ಲಿ ಸಾಕಷ್ಟು ಚಳಿ ಇರುವುದರಿಂದ ಶಾಲು ಅಥವಾ ಸ್ವೆಟರ್ ಚಿತ್ರದಲ್ಲಿ ಬಂದೇ ಬರುತ್ತದೆ. ಅದರ ಬಣ್ಣವನ್ನೂ ಸೀರೆಯ ಜೊತೆಗೇ ಆರಿಸಿಕೊಳ್ಳಿ.

ಟಿಕೆಟನ್ನು ಪಾಸ್‌ಪೋರ್ಟ್ ವಿವರ ಕೊಟ್ಟು ಮುಂಗಡವಾಗಿಯೇ ಕಾಯ್ದಿರಿಸಬೇಕು. ಸೋಮವಾರ ಸಾಮಾನ್ಯವಾಗಿ ರಜೆ. ನವೆಂಬರ್‌ನಲ್ಲಿ ಬಾಗಿಲು ತೆರೆಯುವುದು ಬೆಳಿಗ್ಗೆ 8.30ಕ್ಕೆ, ಮುಚ್ಚುವುದು ಸಂಜೆ 4.30ಕ್ಕೆ.

ಪ್ರಶ್ನೆ: ಅರಮನೆಯ ಒಳಗೆ ಟ್ರೈಪಾಡ್ ಮತ್ತು ಫ್ಲ್ಯಾಶ್ ಬಳಸಬಹುದೇ? ಇಡೀ ಅರಮನೆ ಒಂದೇ ಚಿತ್ರದಲ್ಲಿ ಬರಲು ಡ್ರೋನ್ ಒಯ್ಯಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರೂ ಬೇಡ. ಬೀಜಿಂಗ್ ನಗರದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಈ ವಿಷಯದಲ್ಲಿ ಅದೃಷ್ಟ ಪರೀಕ್ಷೆಗೆ ಇಳಿಯಲೇಬೇಡಿ. ಸಿಂಹಾಸನವಿರುವ ಸಭಾಂಗಣಗಳ ಒಳಗೆ ಪ್ರವೇಶವಿಲ್ಲ, ಬಾಗಿಲಲ್ಲಿ ನಿಂತು ನೋಡಬೇಕು. ಒಳಗೆ ಮಬ್ಬು, ಹಿಂದೆ ನೂಕುನುಗ್ಗಲು. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್ಒವನ್ನು 3200ರ ಆಸುಪಾಸಿಗೆ ಏರಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಎರಡು ಮೂರು ಚಿತ್ರ ತೆಗೆದು ಹಿಂದಿನವರಿಗೆ ಜಾಗ ಬಿಡಿ. ಶತಮಾನಗಳ ಬಣ್ಣಕ್ಕೂ ಬಟ್ಟೆಗೂ ಬೆಳಕು ಹಾನಿ ಮಾಡುತ್ತದೆ, ಆದ್ದರಿಂದ ಪ್ರದರ್ಶನ ಕೋಣೆಗಳಲ್ಲಿ ಫೋನಿನ ಫ್ಲ್ಯಾಶ್ ತಾನಾಗಿ ಹೊತ್ತಿಕೊಳ್ಳದಂತೆ ಮೊದಲೇ ಆರಿಸಿಡಿ.

ಇಡೀ ಅರಮನೆಯನ್ನು ಮೇಲಿನಿಂದ ನೋಡಲು ಡ್ರೋನ್ ಬೇಕಿಲ್ಲ. ಉತ್ತರದ ಶೆನ್‌ವೂಮೆನ್ ದ್ವಾರದಿಂದ ಹೊರಬಂದರೆ ರಸ್ತೆಯ ಆಚೆಗೇ ಜಿಂಗ್‌ಶಾನ್ ಉದ್ಯಾನವಿದೆ. ಅರಮನೆಯ ಕಂದಕ ತೋಡುವಾಗ ಬಂದ ಮಣ್ಣು ಸುರಿದು ಎತ್ತರಿಸಿದ ಗುಡ್ಡ ಅದು. ನೆತ್ತಿಯ ಮಂಟಪದಿಂದ ದಕ್ಷಿಣಕ್ಕೆ ನೋಡಿದರೆ ಹಳದಿ ಚಾವಣಿಗಳೆಲ್ಲ ಸಾಲಾಗಿ ಕಾಣುತ್ತವೆ. ನಡುಹಗಲು ಸೂರ್ಯ ನೇರ ಎದುರಿಗಿರುವುದರಿಂದ ಆಗ ಹತ್ತಬೇಡಿ. ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು 5 ಗಂಟೆಗೆ. ಅರಮನೆ ಮುಚ್ಚುವ ಅರ್ಧ ಗಂಟೆ ಮೊದಲೇ ಹೊರಟರೆ ಓರೆ ಬಿಸಿಲು ಹೆಂಚಿನ ಅಂಚುಗಳಿಗೆ ತಾಕುವ ಹೊತ್ತಿಗೆ ಮೇಲಿರುತ್ತೀರಿ. ಕೆಳಗಿಳಿದ ಮೇಲೆ ಶಕ್ತಿ ಉಳಿದಿದ್ದರೆ, ಕಂದಕದ ದಂಡೆಯಲ್ಲಿ ಪಶ್ಚಿಮಕ್ಕೆ ನಡೆದು ವಾಯವ್ಯದ ಮೂಲೆಗೋಪುರವನ್ನು ನೀರಿನ ಪ್ರತಿಬಿಂಬದೊಂದಿಗೆ ತೆಗೆಯಿರಿ. ಅಲ್ಲಿ ದಂಡೆಯ ಕಟ್ಟೆಯ ಮೇಲೆಯೇ ಕ್ಯಾಮೆರಾ ಊರಬಹುದು.