ವಾಚಕರ ಪ್ರಶ್ನೆ: ನಿವೃತ್ತಿಗೆ ಎಷ್ಟು ದೊಡ್ಡ ಬೋಟ್?

ಪ್ರಶ್ನೆ: ನನಗೆ 63, ಮನೆಯವರಿಗೆ 60. ಗೋವಾದ ಮಾಂಡವಿ ನದಿಯಲ್ಲಿ ನಮ್ಮದೊಂದು 22 ಅಡಿಯ ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಇಂಜಿನ್ ಕಟ್ಟಿದ) ಬೋಟ್ ಇದೆ. ಇನ್ನು ಮುಂದೆ ತಿಂಗಳಿಗೊಂದು ವಾರ ಬೋಟಿನಲ್ಲೇ ಇರುವ ಆಸೆ. ಒಳಗೆ ಮಲಗಲು ಕೋಣೆಯಿರುವ 45 ಅಡಿಯ ಹಳೆಯ ಕ್ರೂಸರ್ ಬೋಟ್ ನೋಡಿದ್ದೇವೆ. 370 ಅಶ್ವಶಕ್ತಿಯ ಎರಡು ಡೀಸೆಲ್ ಇಂಜಿನ್, ಮಾಳಿಗೆಯ ಮೇಲೂ ಸ್ಟೀರಿಂಗ್. ಕೊಳ್ಳಬಹುದೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಬ್ಬರೇ ನಡೆಸುವುದಾದರೆ ಬೇಡ. 36ರಿಂದ 38 ಅಡಿ ಸಾಕು. ಉದ್ದ ಇಮ್ಮಡಿಯಾದರೆ ತೂಕ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಈಗಿನ ಬೋಟನ್ನು ಕೈಯಿಂದ ಜೆಟ್ಟಿಗೆ ಎಳೆದುಕೊಳ್ಳುತ್ತೀರಿ. ಹದಿನೈದು ಟನ್ನಿನದು ಅಡ್ಡಗಾಳಿಗೆ ಸಿಕ್ಕರೆ ಹಗ್ಗ ಹಿಡಿದವರನ್ನೇ ಎಳೆಯುತ್ತದೆ. ಮೂತಿಯಲ್ಲಿ ಥ್ರಸ್ಟರ್ (ಬೋಟನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲ್ಲರ್) ಇದ್ದರೂ ಅದನ್ನು ಕೆಲವೇ ಸೆಕೆಂಡು ಒತ್ತಿ ಬಿಡಬೇಕು. ಕೆಲವು ನಿಮಿಷ ಸತತ ಒತ್ತಿದರೆ ಬಿಸಿಯಾಗಿ ತಾನೇ ನಿಲ್ಲುತ್ತದೆ, ಅದೂ ಬೇಕಾದ ಹೊತ್ತಿಗೇ.

ಮಲಗುವ ಕೋಣೆಗಿಂತ ಮೊದಲು ಮೆಟ್ಟಿಲು ನೋಡಿ. ಮಾಳಿಗೆಗೆ ನೆಟ್ಟಗಿನ ಏಣಿ ಇದ್ದರೆ ಇನ್ನು ಹತ್ತು ವರ್ಷಕ್ಕೆ ಆ ಮಾಳಿಗೆ ನಿಮ್ಮ ಪಾಲಿಗಿಲ್ಲ. ಕೆಳಗಿನ ಸ್ಟೀರಿಂಗ್ ಪಕ್ಕದಲ್ಲೇ ಹೊರಬಾಗಿಲು, ಅಲ್ಲಿಂದ ಒಂದಡಿಗಿಂತ ಅಗಲದ ಕಾಲುದಾರಿ, ಉದ್ದಕ್ಕೂ ಹಿಡಿಕಂಬಿ, ಸ್ಟೀರಿಂಗ್ ಬಳಿ ಸ್ವಿಚ್ ಇರುವ ಲಂಗರು ಎತ್ತುವ ವಿದ್ಯುತ್ ಗಾಲಿ: ಇಷ್ಟಿದ್ದರೆ ಒಬ್ಬರೇ ಸಂಭಾಳಿಸಬಹುದು. ಹಿಂಬದಿಯ ಏಣಿಯನ್ನು ನೀರಿಗೆ ಬಿದ್ದವರೇ ಕೆಳಗಿನಿಂದ ಎಳೆದು ಇಳಿಸುವಂತಿರಬೇಕು, ಮೂರು ಮೆಟ್ಟಿಲಾದರೂ ನೀರಿನೊಳಗೆ ಹೋಗಬೇಕು.

ವೇಗದ ಲೆಕ್ಕ ಹೀಗಿದೆ. ನೀರಿನ ಮಟ್ಟದಲ್ಲಿ ಬೋಟಿನ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬೋಟ್ ನೀರನ್ನು ಸೀಳಿಕೊಂಡು ಸಲೀಸಾಗಿ ಹೋಗುವ ವೇಗದ ಮಿತಿ ಅದು: 36 ಅಡಿಗೆ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿ.ಮೀ. ಅಲ್ಲಿಯವರೆಗೆ ಐವತ್ತು-ಅರವತ್ತು ಅಶ್ವಶಕ್ತಿ ಸಾಕು. ಅದನ್ನು ಮೀರಿ ನೀರಿನ ಮೇಲೆ ಹಾರಿಸಲು ಹೋದರೆ ನೂರುಗಟ್ಟಲೆ ಬೇಕು. ಡೀಸೆಲ್ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.2 ಲೀಟರ್ ಕುಡಿಯುತ್ತದೆ. ಅಂದರೆ ನಿಧಾನಕ್ಕೆ ಹೋದರೆ 10ರಿಂದ 12 ಲೀಟರ್, 500 ಅಶ್ವಶಕ್ತಿ ಬಳಸಿದರೆ 100 ಲೀಟರ್. ಪಿಂಚಣಿಯವರು ಯಾವುದನ್ನು ಆರಿಸಬೇಕೆಂದು ಹೇಳಬೇಕಿಲ್ಲ. ಆದರೆ ದೊಡ್ಡ ಟರ್ಬೋ ಇಂಜಿನ್ನನ್ನು ಸದಾ ನಿಧಾನ ಓಡಿಸಿದರೆ ಮಸಿ ಕಟ್ಟುತ್ತದೆ, ಆಗಾಗ ಕೆಲವು ನಿಮಿಷ ಜೋರು ಓಡಿಸಬೇಕು.

ಪ್ರಶ್ನೆ: ಸ್ಟರ್ನ್‌ಡ್ರೈವ್ (ಇಂಜಿನ್ ಒಳಗೆ, ಪ್ರೊಪೆಲ್ಲರಿನ ಕಾಲು ಹಿಂಬದಿಯ ಹೊರಗೆ) ಇದ್ದರೆ ಒಳಗೆ ಜಾಗ ಹೆಚ್ಚು ಎನ್ನುತ್ತಾರೆ. ತಳದಿಂದ ಹೊರಬರುವ ನೇರ ದಂಡದ ಶಾಫ್ಟ್ ಒಳ್ಳೆಯದೋ ಅದೋ?
— ಸಾಧನಕೇರಿ, ಧಾರವಾಡ

ಉತ್ತರ: ಜಾಗದ ಮಾತು ನಿಜ. ಆದರೂ ಉಪ್ಪುನೀರಲ್ಲೇ ನಿಲ್ಲುವ ಬೋಟಿಗೆ ಶಾಫ್ಟ್ ವಾಸಿ. ಸ್ಟರ್ನ್‌ಡ್ರೈವಿನ ಅಲ್ಯೂಮಿನಿಯಂ ಕಾಲು ಸವೆಯುತ್ತದೆ, ನೀರು ಒಳಬಾರದಂತೆ ತಡೆಯುವ ಅದರ ರಬ್ಬರ್ ತಿದಿ (ಬೆಲ್ಲೋಸ್) ಸೀಳಿದರೆ ನೀರು ನೇರ ಒಳಕ್ಕೆ ಬರುತ್ತದೆ.

ಪ್ರಶ್ನೆ: ಹಳೆಯ ಬೋಟಿಗೆ ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?
— ಹಾವೇರಿ

ಉತ್ತರ: ಹೇಳದೆ ಬೇಗ ಹೋಗಿ ಇಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಮಾಲೀಕರು ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ಅನುಮಾನಪಡಿ. ತಣ್ಣನೆಯ ಇಂಜಿನ್ ಚಾಲೂ ಆಗುವಾಗಿನ ಹೊಗೆಯೇ ಮುಖ್ಯ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಬಂದರೆ ತಳ ಚಿಪ್ಪುಗಟ್ಟಿರಬಹುದು, ಟರ್ಬೋ ಕೆಟ್ಟಿರಬಹುದು ಅಥವಾ ಪ್ರೊಪೆಲ್ಲರ್ ಅಳತೆ ತಪ್ಪಿರಬಹುದು. ಎಕ್ಸಾಸ್ಟ್ ಎಲ್ಬೋ (ಇಂಜಿನ್ನಿನ ಹೊಗೆಗೆ ತಂಪಿನ ನೀರು ಬೆರೆಯುವ ಬಾಗುಕೊಳವೆ) ಬಿಚ್ಚಿಸಿ ನೋಡಿ. ಅದು ಒಳಗೆ ತಿಂದುಹೋದರೆ ಉಪ್ಪುನೀರು ಸಿಲಿಂಡರಿಗೆ ಇಳಿಯುತ್ತದೆ. ಬೋಟನ್ನು ಮೇಲೆತ್ತಿಸಿ, ಬೋಟ್ ಪರೀಕ್ಷಿಸುವ ಸರ್ವೇಯರರಿಂದ ತಳಕ್ಕೆ ಸುತ್ತಿಗೆ ತಟ್ಟಿಸಿ, ಅದರೊಳಗಿನ ತೇವ ಅಳೆಸಿ. ಮೀಟರಿನಲ್ಲಿ ಗಂಟೆ ಕಡಿಮೆ ಎಂದು ಮರುಳಾಗಬೇಡಿ: ನಿಂತೇ ಇದ್ದ ಇಂಜಿನ್ ಓಡಿದ್ದಕ್ಕಿಂತ ಬೇಗ ಕೆಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ?
— ಗದಗ

ಉತ್ತರ: ಮೇ ಕೊನೆಗೇ ದಡಕ್ಕೆತ್ತಿಸಿ. ನಮ್ಮ ಮಹದಾಯಿಯೇ ಅಲ್ಲಿ ಮಾಂಡವಿ. ಮಳೆಗಾಲದಲ್ಲಿ ಅದರ ಬಾಯಿಯ ಅಗ್ವಾದ ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಸಮುದ್ರಕ್ಕೆ ಹೋಗುವ ದಾರಿ ಇಲ್ಲ. ಎತ್ತುವ ಮೊದಲು ಡೀಸೆಲ್ ಟ್ಯಾಂಕ್ ತುಂಬಿಸಿ: ಖಾಲಿ ಜಾಗದಲ್ಲಿ ತೇವ ನೀರಾಗಿ, ಆ ನೀರಿನಲ್ಲಿ ಪಾಚಿಯಂಥ ಲೋಳೆ ಬೆಳೆದು, ಅಕ್ಟೋಬರಿನಲ್ಲಿ ಫಿಲ್ಟರ್ ಕಟ್ಟುತ್ತದೆ.