ಸೆಕೆಂಡ್ ಹ್ಯಾಂಡ್ ಮಿಡಲ್‌ವೇಟ್ ಸ್ಕ್ರ್ಯಾಂಬ್ಲರ್ ಕೊಳ್ಳುವಾಗ ಏನೇನು ನೋಡಬೇಕು?
ಮಿಡಲ್‌ವೇಟ್ ಸ್ಕ್ರ್ಯಾಂಬ್ಲರ್ ಅಂದರೆ ಮಧ್ಯಮ ಗಾತ್ರದ ಎಂಜಿನ್ ಇರುವ, ಮಣ್ಣಿನ ದಾರಿಗೂ ಇಳಿಯಬಲ್ಲ ಬೈಕು. ಮೊದಲು ಬೈಕಿನ ಹೊಟ್ಟೆ ನೋಡಿ. ಸ್ಕ್ರ್ಯಾಂಬ್ಲರ್ ಕೊಂಡವರಲ್ಲಿ ಬಹಳ ಮಂದಿ ಮಣ್ಣಿನ ದಾರಿಗೆ ಇಳಿಯುವುದೇ ಇಲ್ಲ, ಆದರೆ ಇಳಿದವರ ಬೈಕು ಅದನ್ನು ಬಚ್ಚಿಡುವುದಿಲ್ಲ. ಎಂಜಿನ್ ಕೆಳಗಿನ ಪ್ಲೇಟ್ ತಗ್ಗು ಬಿದ್ದಿದೆಯೇ, ಸೈಲೆನ್ಸರ್ ಪೈಪ್ ಉಜ್ಜಿದೆಯೇ, ಸ್ಪೋಕ್ ಸಡಿಲವಾಗಿದೆಯೇ, ರಿಮ್ ಓಲಾಡುತ್ತದೆಯೇ, ಮುಂದಿನ ಫೋರ್ಕ್ ಸೀಲ್‌ನಿಂದ ಎಣ್ಣೆ ಜಿನುಗುತ್ತಿದೆಯೇ? ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ. ನಡುವೆ ಎಲ್ಲಾದರೂ ತಡೆದರೆ ಹ್ಯಾಂಡಲ್ ತಿರುಗುವ ಬೇರಿಂಗ್ ಸವೆದಿದೆ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ; ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗದೆ ಹೋಗಬಹುದು. ನೀವು ಹೋಗುವ ಮುಂಚೆಯೇ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ನನ್ನ ಪ್ರಕಾರ ಕಿಲೋಮೀಟರ್‌ಗಿಂತ ಸರ್ವಿಸ್ ದಾಖಲೆ ಮುಖ್ಯ. 803 ಸಿಸಿಯ ಡುಕಾಟಿ ಸ್ಕ್ರ್ಯಾಂಬ್ಲರ್‌ನಲ್ಲಿ ವಾಲ್ವ್ ತಪಾಸಣೆ ದುಬಾರಿ ಕೆಲಸ. ವಾಲ್ವ್‌ಗಳನ್ನು ಎಂಜಿನ್ನಿನ ಓಟಕ್ಕೆ ಸರಿಯಾಗಿ ನಡೆಸುವ ಟೈಮಿಂಗ್ ಬೆಲ್ಟನ್ನಂತೂ ಬೈಕು ಓಡದೆ ನಿಂತಿದ್ದರೂ ಕಾಲಕ್ಕೆ ಸರಿಯಾಗಿ ಬದಲಿಸಬೇಕು. 900 ಸಿಸಿಯ ಟ್ರಯಂಫ್‌ನಲ್ಲಿ ಈ ಬೆಲ್ಟಿನ ಚಿಂತೆಯಿಲ್ಲ. ಬಿಲ್ ಇಲ್ಲದಿದ್ದರೆ ಆ ಕೆಲಸ ಆಗಿಲ್ಲವೆಂದೇ ಲೆಕ್ಕ ಹಿಡಿದು ಬೆಲೆ ಇಳಿಸಿ ಕೇಳಿ.

ಟೈರಿನ ಮೇಲಿನ ನಾಲ್ಕಂಕಿ ನೋಡಿ: 2319 ಅಂದರೆ ಟೈರ್ ತಯಾರಾದದ್ದು 2019ರ 23ನೇ ವಾರ. ಚಾಸಿಸ್ ನಂಬರ್ ಕಾಗದಕ್ಕೆ ತಾಳೆಯಾಗದಿದ್ದರೆ ಮಾತು ಮುಂದುವರಿಸಲೇಬೇಡಿ.